ಬಿಳಿ ಜೋಳದೊಳಗಿನ ಬಿಳಿ ಹರಳು

ಸೀರೆ ಕೊಳ್ಳಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು ಇದು: ಅಂಗಡಿಯವನು ಹಾಸಿದ ಹಾಸಿನ ಮೇಲೆ ಸೀರೆಯ ಬಣ್ಣ ನೋಡಬೇಡಿ. ಎತ್ತಿಕೊಳ್ಳಿ, ಬಿಸಿಲಿಗೆ ಬನ್ನಿ, ನೀವು ಉಟ್ಟ ಸೀರೆಯ ಮಗ್ಗುಲಿಗೆ ಹಿಡಿದು ನೋಡಿ. ಇಷ್ಟು ಮಾಡಿದರೆ ನನ್ನಂಥವರ ಕೈಯಿಂದ ಅರ್ಧ ಪಾರಾದಿರಿ. ಇನ್ನರ್ಧ ನಮ್ಮ ನಾಲಗೆಯ ಮೇಲಿರುತ್ತದೆ. ಅದಕ್ಕೆ ನನ್ನಲ್ಲಿ ಉಪಾಯವಿಲ್ಲ.

ನಾನು ಬಸವನ ಬಾಗೇವಾಡಿಯವನು. ಎಪ್ಪತ್ತರ ದಶಕದಲ್ಲಿ ಇಳಕಲ್ ಸೀರೆ, ಕುಬಸ ಹೊಲಿಯುವ ಖಣದ ತುಂಡುಗಳ ಗಂಟು ಕಟ್ಟಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ನಮ್ಮ ಬಾಗೇವಾಡಿ ಎಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದೆ. ಮೊದಲ ಗಂಟನ್ನು ತಲೆಯ ಮೇಲೆ ಹೊತ್ತು ಮನಗೂಳಿಯವರೆಗೆ ನಡೆದವನು ನಾನು. ಯಾರೂ ನನಗೆ ದಾರಿ ಹಾಕಿ ಕೊಟ್ಟಿರಲಿಲ್ಲ. ಬಣ್ಣದ ವಿದ್ಯೆ ಕಲಿಸಿದವಳು ಮಾತ್ರ ಒಬ್ಬಳಿದ್ದಳು, ಇಂಡಿ ಸಂತೆಯಲ್ಲಿ ಲಿಂಬೆಹಣ್ಣು ಮಾರುವ ಮುದುಕಿ. ಸಾಲಾಗಿ ಹತ್ತು ಮಂದಿ ಲಿಂಬೆ ಮಾರುತ್ತಿದ್ದರೂ ಜನ ಆಕೆಯ ಮುಂದೆಯೇ ಕೂಡುತ್ತಿದ್ದರು. ಆಕೆಯ ಹಣ್ಣು ದೂರದಿಂದಲೇ ಬಂಗಾರದಂತೆ ಹೊಳೆಯುತ್ತಿತ್ತು.

"ಯಾಕಬೇ ಆಯಿ, ನಿನ್ನ ಹಣ್ಣಷ್ಟ ಇಷ್ಟು ಹಳದಿ?" ಎಂದು ಕೇಳಿದೆ.

"ಹಣ್ಣು ಹಳದಿ ಅಲ್ಲೋ ಹುಚ್ಚಪ್ಪಾ. ಕೆಳಗಿನ ಅರಿವಿ ನೀಲಿ."

ನೋಡಿದೆ. ಉಳಿದವರೆಲ್ಲ ಗೋಣಿತಾಟಿನ ಮೇಲೆ ಸುರಿದುಕೊಂಡಿದ್ದರು. ಈಕೆ ಹಳೆಯ ನೀಲಿ ಸೀರೆಯ ತುಂಡು ಹಾಸಿದ್ದಳು. ಅಷ್ಟೇ ವ್ಯತ್ಯಾಸ. ಮುಂದಿನ ಸಂತೆಗೆ ನಾನು ಒಂದು ಕರಿ ಕಂಬಳಿ ಕೊಂಡೆ. ಅದರ ಮೇಲೆ ಹಳದಿ ಖಣ ಬೆಂಕಿಯಂತೆ ಏಳುತ್ತಿತ್ತು. ಮಾಸಲು ಕೆಂಪು ಸಹ ಹೊಸ ಕುಂಕುಮದಂತೆ ಕಾಣುತ್ತಿತ್ತು. ಕಡು ಹಸಿರು, ಕಡು ನೀಲಿ ಬಂದರೆ ಕಂಬಳಿ ಮಡಚಿ ನನ್ನ ಬಿಳಿ ಧೋತರ ಹಾಸುತ್ತಿದ್ದೆ. ಬಣ್ಣ ಒಂಟಿಯಾಗಿ ಬಾಳುವುದಿಲ್ಲ, ಮಗ್ಗುಲಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಅದರ ಮಾನ ನಿಂತಿರುತ್ತದೆ. ಇದನ್ನು ನಾನು ಗಿರಾಕಿಗಳಿಗೆ ಹೇಳುತ್ತಿರಲಿಲ್ಲ. ಈಗ ವ್ಯಾಪಾರ ಬಿಟ್ಟಿದ್ದೇನೆ, ಹೇಳಿದರೆ ಹಾನಿಯಿಲ್ಲ.

ನನಗೊಬ್ಬಳು ತಂಗಿ. ತಾಯಿ-ತಂದೆ ಬೇಗ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು, ಚುರುಕು ಬಾಯಿ, ಕೆಲಸದಲ್ಲಿ ಗಟ್ಟಿ. ಸಂಜೆಯ ಹೊತ್ತು ಹೊಸ್ತಿಲು ಎಡವುತ್ತಿದ್ದಳು. "ನೆಲ ನೋಡಿ ನಡಿಬೇ" ಎಂದು ನಾನು ಬಯ್ಯುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೆ ಹೊಳೆಯಲಿಲ್ಲ. ವಾರದಲ್ಲಿ ನಾಲ್ಕು ದಿನ ನಾನು ಸಂತೆಯಲ್ಲಿರುತ್ತಿದ್ದೆ.

ಆಕೆಗೆ ಹತ್ತೊಂಬತ್ತು ನಡೆಯುವಾಗ ಮುದ್ದೇಬಿಹಾಳದ ಒಂದು ಮನೆತನದಿಂದ ಹೆಣ್ಣು ನೋಡಲು ಬಂದರು. ಹೊಲ ಇದ್ದ ಮನೆ, ಒಬ್ಬನೇ ಮಗ, ಮಾತು ಕಡಿಮೆಯ ಹುಡುಗ. ಹುಡುಗನ ತಾಯಿ ಮಾತ್ರ ಭಾರಿ ಚಾಣಾಕ್ಷೆ. ಸಂತೆಯಲ್ಲಿ ನನ್ನೆದುರು ಕೂತಿದ್ದರೆ ನಾನೇ ಬೆವರುತ್ತಿದ್ದೆ. ನಾನು ನನ್ನ ವಿದ್ಯೆಯನ್ನೆಲ್ಲ ಹೂಡಿದ್ದೆ. ಪಡಸಾಲೆಯ ಗೋಡೆಗೆ ನೀಲಿ ಬೆರೆಸಿದ ಸುಣ್ಣ ಹಚ್ಚಿಸಿದ್ದೆ, ತಂಗಿಗೆ ಕಡು ಹಸಿರು ಸೀರೆ ಉಡಿಸಿ ಆ ಗೋಡೆಗೆ ಕೂಡಿಸಿದ್ದೆ. ಆಕೆಯ ಗೋದಿ ಬಣ್ಣ ಎರಡು ಪಾಲು ತಿಳಿಯಾಗಿ ಕಾಣುತ್ತಿತ್ತು. ಇದು ಮೋಸ ಎನ್ನುವಿರಾದರೆ ಹೆಣ್ಣು ತೋರಿಸಿದ ಎಲ್ಲ ಮನೆಗಳೂ ಮೋಸದವೇ.

ನಡೆಸಿ ನೋಡಿದರು, ಓದಿಸಿ ನೋಡಿದರು. ಆಮೇಲೆ ಆ ತಾಯಿ ಎಲೆಯಡಿಕೆಯ ಚಂಚಿಯಿಂದ ಒಂದು ಸೂಜಿ, ಒಂದು ಬಿಳಿ ದಾರದ ಉಂಡೆ ತೆಗೆದಳು.

"ಇದನ್ನ ಪೋಣಸವ್ವಾ, ನೋಡೂನು."

ಹೆಣ್ಣಿನ ಕಣ್ಣು, ಕೈ ಎರಡೂ ಗೊತ್ತಾಗಲಿ ಎಂದು ನಮ್ಮ ಕಡೆ ಹೀಗೆ ಸೂಜಿ ಪೋಣಿಸಲು ಹೇಳುವುದುಂಟು. ನಾನು ಸುಮ್ಮನೆ ಕೂಡುವವನೇ? ಬಿಳಿ ದಾರ ಬಿಳಿ ಬೆಳಕಿನಲ್ಲಿ ಯಾರಿಗೂ ಕಾಣುವುದಿಲ್ಲ, ಪೋಣಿಸಿದ್ದು ನೋಡುವವರಿಗೆ ತಿಳಿಯುವುದಿಲ್ಲ, ಮಾಲಿಗೆ ಕಳೆ ಬರುವುದಿಲ್ಲ ಎಂದು ನನ್ನ ವ್ಯಾಪಾರದ ಬುದ್ಧಿ ಓಡಿತು.

"ಏನ್ರಿ ಬೀಗತಿಯರ, ಶುಭ ಕೆಲಸಕ್ಕ ಬಂದು ಬಿಳಿ ದಾರ ತೆಗದೀರಿ? ಕುಂಕುಮದ ಬಣ್ಣದ್ದ ಇರ್ಲಿ ತಡೀರಿ," ಎಂದು ನನ್ನ ಗಂಟಿನಿಂದ ಕಡುಗೆಂಪು ದಾರ ಕೊಟ್ಟೆ. ಹೆಗಲ ಮೇಲಿನ ಬಿಳಿ ಟಾವೆಲನ್ನು ತಂಗಿಯ ಉಡಿಯಲ್ಲಿ ಹಾಸಿದೆ.

ಎಲ್ಲರೂ ನಕ್ಕರು. "ಹುಡುಗಿ ಅಣ್ಣ ಭಾಳ ಶ್ಯಾಣ್ಯಾ ಅದಾನ ಬಿಡ್ರಿ. ಬರೇ ಮಾತು ಮಾರಿ ಹೊಟ್ಟಿ ತುಂಬಿಸ್ಕೋತಾನ," ಎಂದು ಬೀಗತಿಯೂ ನಕ್ಕಳು. ತಂಗಿ ಒಂದೇ ಸಲಕ್ಕೆ ದಾರ ಪೋಣಿಸಿದಳು. ಮದುವೆ ಗಟ್ಟಿಯಾಯಿತು. ನಾನು ಎಷ್ಟೋ ದಿನ ಆ ಮಾತನ್ನು ಸಂತೆಯಲ್ಲಿ ಹೇಳಿಕೊಂಡು ಹೆಮ್ಮೆಪಟ್ಟೆ.

ಮೊದಲ ವರ್ಷ ತಕರಾರು ಸಣ್ಣದಾಗಿ ಬಂತು. ಮುದ್ದೇಬಿಹಾಳದ ಸಂತೆಗೆ ನಾನು ಹೋದಾಗಲೆಲ್ಲ ಬೀಗತಿ ನನ್ನ ಕಂಬಳಿಯ ಮುಂದೆ ಬಂದು ನಿಲ್ಲುತ್ತಿದ್ದಳು. ಗಿರಾಕಿಗಳೆದುರು ಜಗಳವಾಡುವವಳಲ್ಲ, ನಗುನಗುತ್ತಲೇ ಚುಚ್ಚುತ್ತಿದ್ದಳು.

"ನಿನ್ನ ತಂಗಿ ಕೈಯಾಗ ಈ ವಾರ ಮತ್ತೊಂದು ಮಣ್ಣಿನ ಕೊಡ ಹೋತಪಾ. ತಾಮ್ರದ ಕೊಡ ಎಂದೂ ಎಡವಂಗಿಲ್ಲ ನೋಡು. ತುಟ್ಟಿ ಸಾಮಾನಷ್ಟ ಕಾಣತಾವ ನಮ್ಮ ಸೊಸಿಗಿ, ಸೋವಿವು ಕಾಣಂಗಿಲ್ಲ."

ಸುತ್ತಲಿದ್ದವರು ನಗುತ್ತಿದ್ದರು. ನಾನೂ ನಕ್ಕು, "ಅಣ್ಣನ ತಂಗಿ ಅಲ್ಲೇನ್ರಿ, ಬೆಲಿ ತಿಳದಾಕಿ," ಎಂದು ತೇಲಿಸುತ್ತಿದ್ದೆ. ಮಣ್ಣಿನ ನೆಲದ ಮೇಲೆ ಮಣ್ಣಿನ ಕೊಡ. ಅಂದು ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

ಆಮೇಲೆ ಜೋಳದ ಮಾತು ಬಂತು. ನಮ್ಮ ಸೀಮೆಯ ಬಿಳಿ ಜೋಳ ನಿಮಗೆ ಗೊತ್ತು. ಕಣದಿಂದ ಬರುವಾಗ ಅದರಲ್ಲಿ ಸಣ್ಣ ಬಿಳಿ ಹರಳು ಸೇರಿಕೊಂಡಿರುತ್ತವೆ, ನಾವು ಹಳ್ಳು ಎನ್ನುತ್ತೇವೆ. ಮೊರದಲ್ಲಿ ಹರವಿ ಹಸನು ಮಾಡುವುದು ಸೊಸೆಯ ಕೆಲಸ. ತಂಗಿ ಹಸನು ಮಾಡಿ ಕಳಿಸಿದ ಜೋಳ ಗಿರಣಿಯ ಕಲ್ಲಿನಲ್ಲಿ ಕಿಡಿ ಹಾರಿಸಿತಂತೆ. ರೊಟ್ಟಿ ಬಾಯಲ್ಲಿ ಕರಕರ ಎನ್ನತೊಡಗಿತು. ಕೊನೆಗೆ ಒಂದು ದಿನ ನುಚ್ಚು ಉಣ್ಣುವಾಗ ಮಾವನ ದವಡೆ ಹಲ್ಲಿಗೆ ಹಳ್ಳು ಸಿಕ್ಕು ಹಲ್ಲು ಮುರಿಯಿತು.

"ಕಡ್ಲಿ ಹಸನ ಮಾಡಾಕ ಕಣ್ಣು ಬರ್ತಾವ, ತೊಗರಿಬ್ಯಾಳಿ ಹಸನ ಮಾಡಾಕ ಬರ್ತಾವ. ಜ್ವಾಳಾ ಅಂದ ಕೂಡಲೆ ಹೊಳ್ಳಿ ಕುರುಡಾಗತಾವ," ಎಂದಳು ಬೀಗತಿ. ಅಂದು ನಗಲಿಲ್ಲ. "ಜ್ವಾಳಾ ದಿನಾ ಹಸನ ಮಾಡಬೇಕಲ್ಲಾ, ಅದಕ್ಕ ಬ್ಯಾಸರಾ. ಮೈಗಳ್ಳತನಾ ಇದು. ನೀ ತಿಳಿಸಿ ಹೇಳತೀ, ಇಲ್ಲಾ ಕರಕೊಂಡು ಹೋಗತೀ?"

ನನ್ನ ತಂಗಿಯ ಸಂಸಾರ ಆ ಒಂದು ಪ್ರಶ್ನೆಯ ಮೇಲೆ ಬಂದು ನಿಂತಿತ್ತು: ಈಕೆಗೆ ಕಾಣುವುದಿಲ್ಲವೋ, ಕಾಣುವುದಿಲ್ಲವೆಂದು ನಟಿಸುತ್ತಾಳೋ?

ಸಿಂದಗಿಯಲ್ಲಿ ಒಂದು ಸಾಲೆಯ ಕೋಣೆಯಲ್ಲಿ ಕಣ್ಣು ನೋಡುವ ಶಿಬಿರ ಹಾಕಿದ್ದರು. ಬೀಗತಿಯನ್ನೂ ಕರೆದುಕೊಂಡೇ ಹೋದೆ. ಸಾಕ್ಷಿ ಇರಲಿ ಎಂದು. ಗೋಡೆಗೆ ಬಿಳಿ ಹಲಗೆ, ಅದರ ಮೇಲೆ ಕರಿ ಅಕ್ಷರ, ಮೇಲಿನಿಂದ ಕೆಳಗೆ ಸಣ್ಣದಾಗುತ್ತ ಹೋಗುವ ಸಾಲುಗಳು. ತಂಗಿ ಒಂದೊಂದೇ ಕಣ್ಣು ಮುಚ್ಚಿಕೊಂಡು ಕೊನೆಯ ಸಾಲಿನವರೆಗೆ ಓದಿದಳು. ಆ ಕೊನೆಯ ಸಾಲು ನನಗೇ ಕಾಣುತ್ತಿರಲಿಲ್ಲ. ಡಾಕ್ಟರು ಹೊರಗೆ ನಿಂತ ನೂರಾರು ಜನರ ಕಡೆ ನೋಡಿ, "ಕಣ್ಣು ಚೊಲೋ ಅದಾವ. ಮುಂದಿನವರು ಬರ್ರಿ," ಎಂದರು. ಅವರದೇನೂ ತಪ್ಪಿಲ್ಲ. ಹಲಗೆ ಕೇಳಿದ್ದಕ್ಕೆ ಆಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಳು.

 ಬೀಗತಿ ಸೆರಗು ಸರಿಮಾಡಿಕೊಂಡು ಬಸ್ಸಿನ ಕಡೆ ನಡೆದಳು.  ಸಾಲೆಯ ಬೇವಿನ ಗಿಡದ ಕೆಳಗೆ ತಂಗಿಯನ್ನು ನಿಲ್ಲಿಸಿ ಕೇಳಿದೆ.

"ಏನ ಕಡಿಮಿ ಆಗೇತಿ ನಿನಗ ಆ ಮನ್ಯಾಗ? ಯಾಕ ಈ ನಾಟಕಾ?"

"ಹಲಗಿ ಮ್ಯಾಲಿಂದು ಕಾಣತೈತಿ ಯಣ್ಣಾ. ಮೊರದಾಗಿಂದು ಕಾಣಂಗಿಲ್ಲ."

"ಆ ಅಕ್ಷರ ಇರಿವಿಗಿಂತ ಸಣ್ಣವು. ಸಣ್ಣದು ಕಂಡು ದೊಡ್ಡದು ಕಾಣಂಗಿಲ್ಲಂದ್ರ ಯಾರು ನಂಬಬೇಕು?"

"ನನಗೂ ತಿಳೀವಲ್ದು," ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ನಾನು ಎಷ್ಟೋ ಗಿರಾಕಿಗಳ ಕಣ್ಣೀರು ಕಂಡವನು, ಬೆಲೆ ಇಳಿಸಲು ಅಳುವವರಿದ್ದಾರೆ. ನಂಬಲಿಲ್ಲ. ತಂಗಿಯನ್ನು ಗಿರಾಕಿಯ ಲೆಕ್ಕದಲ್ಲಿ ನೋಡಿದ್ದು ನನ್ನ ಬದುಕಿನ ಒಂದು ದೊಡ್ಡ ತಪ್ಪು. ನಿಮ್ಮ ಕಸುಬು ಏನೇ ಇರಲಿ, ಅದನ್ನು ಚಪ್ಪಲಿಯ ಜೊತೆ ಮನೆಯ ಹೊರಗೆ ಬಿಡಿ.

ಆ ವರ್ಷ ಪಂಚಮಿಗೆ ಆಕೆ ತವರಿಗೆ ಬಂದಳು. ಹಬ್ಬದ ಮರುದಿನ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕಂಬಳಿ ಹಾಸಿ ಖಣ ವಿಂಗಡಿಸುತ್ತಿದ್ದೆ, ಆಕೆ ಮಡಿಕೆ ಹಾಕಿಕೊಡುತ್ತಿದ್ದಳು.

"ಆ ಕಡು ಹಸರು ಕೊಡಬೇ."

ಕಂಬಳಿಯ ಮೇಲೆ ಕೈಯಾಡಿಸಿದಳು. "ಎಲ್ಲೈತಿ?"

"ನಿನ್ನ ಮಣಕಾಲ ಮುಂದ."

ಕೈಯಾಡಿಸುತ್ತಲೇ ಇದ್ದಳು. ನಾಟಕ ನನ್ನೆದುರೂ ಶುರುವಾಯಿತಲ್ಲ ಎಂದು ಸಿಟ್ಟು ಬಂತು. ಗಿರಾಕಿಗೆ ಅರಿವೆ ತಿಳಿಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ನಾನು ಒಡ್ಡುವ ಒಂದು ಬಲೆ ಇದೆ. ಅದನ್ನೇ ಒಡ್ಡಿದೆ. ಹಳದಿ, ಕಡು ಹಸಿರು, ಕಡು ನೀಲಿ ಮೂರು ಖಣ ಕಂಬಳಿಯ ಮೇಲೆ ಸಾಲಾಗಿ ಇಟ್ಟೆ.

"ಎಷ್ಟದಾವ ಹೇಳು."

"ಒಂದು. ಹಳದಿ."

ಅವೇ ಮೂರನ್ನು ಎತ್ತಿ ಬಿಳಿ ಧೋತರದ ಮೇಲೆ ಇಟ್ಟೆ.

"ಈಗ?"

"ಮೂರು," ಎಂದಳು ಕೂಡಲೇ. "ಯಾಕ, ಮದಲ ಅಡಗಿಸಿಟ್ಟಿದ್ದೇನು?"

 ನಟಿಸುವವಳಾಗಿದ್ದರೆ ಎರಡೂ ಕಡೆ ನಟಿಸುತ್ತಿದ್ದಳು. ನನ್ನನ್ನೇ ಅಡಗಿಸಿದೆಯಾ ಎಂದು ಕೇಳುತ್ತಿರಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದೆ. ಬಿಳಿ ಬಟ್ಟಲಲ್ಲಿ ಮಜ್ಜಿಗೆ ಕೊಟ್ಟೆ, ತುಂಬಿದೆಯೋ ಖಾಲಿಯೋ ಆಕೆಗೆ ಹೇಳಲಾಗಲಿಲ್ಲ. ತಾಮ್ರದ ತಂಬಿಗೆಯಲ್ಲಿ ಕೊಟ್ಟೆ, ಹೇಳಿದಳು. ಬಿಳಿ ಜೋಳದ ಮೇಲೆ ಕರಿ ಎಳ್ಳು ಒಂದೇ ಒಂದು ಹಾಕಿದೆ. ಬೆರಳಿಟ್ಟು ತೆಗೆದಳು. ಹೆಬ್ಬೆರಳಿನ ಉಗುರಿನಷ್ಟು ಬಿಳಿ ಹರಳು ಹಾಕಿದೆ. ಹುಡುಕಿದಳು, ಹುಡುಕಿದಳು, ಕೊನೆಗೆ ಮೊರವನ್ನೇ ದೂರ ಸರಿಸಿದಳು.

ಒಂದರ ಮಗ್ಗುಲಲ್ಲಿ ಒಂದು ಬಣ್ಣ ಎದ್ದು ಕಾಣುವುದೇ ನನ್ನ ಅನ್ನ. ಎದುರುಬದುರು ಬಣ್ಣ ಬಂದರೆ ಆಕೆಗೆ ಸಾಸಿವೆಯೂ ಕಾಣುತ್ತಿತ್ತು; ಒಂದೇ ಬಣ್ಣದ ಮಗ್ಗುಲಲ್ಲಿ ಸ್ವಲ್ಪ ತಿಳಿ, ಸ್ವಲ್ಪ ಗಾಢ ಎನ್ನುವ ಭೇದ ಆಕೆಯ ಕಣ್ಣಿನಿಂದ ಅಳಿದುಹೋಗುತ್ತಿತ್ತು. ಅಕ್ಕಪಕ್ಕದಲ್ಲಿ ಬದುಕಿದ ಆ ಕಣ್ಣುಗಳನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಜಿಲ್ಲೆಯ ಆಚೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಹಿರಿಯ ಡಾಕ್ಟರು ಕಣ್ಣಿಗೆ ಹನಿ ಹಾಕಿ, ಕತ್ತಲ ಕೋಣೆಯಲ್ಲಿ ಸಣ್ಣ ದೀಪ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು. ಕಣ್ಣಿನ ಹಿಂಬದಿಯ ಪರದೆ ಸವೆಯುತ್ತಿದೆ, ಹುಟ್ಟಿನಿಂದ ಬಂದ ರೋಗ ಎಂದರು.

"ಹಂಗಾರ ಹಲಗಿ ಹೆಂಗ ಓದಿದ್ಳರಿ?"

"ಹಲಗೆಯ ಮೇಲೆ ಅಚ್ಚ ಬಿಳುಪಿನ ಮೇಲೆ ಅಚ್ಚ ಕಪ್ಪು ಇರ್ತದಪ್ಪ. ನಟ್ಟನಡುವಿನ ನೋಟ ಇನ್ನೂ ಉಳಿದದ, ಅದಕ್ಕೆ ಓದ್ತಾಳ. ಜಗತ್ತಿನ ಸಾಮಾನೆಲ್ಲ ಹಂಗ ಬರೆದಿಟ್ಟಿಲ್ಲಲ್ಲ."

ಔಷಧ ಕೇಳಿದೆ. ಇಲ್ಲ ಎಂದರು. ಕನ್ನಡಕ ಕೇಳಿದೆ. ಉಪಯೋಗವಿಲ್ಲ ಎಂದರು. ನನಗೆ ಚೌಕಾಶಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. "ಸಾಹೇಬ್ರ, ಪೂರಾ ಬ್ಯಾಡ್ರಿ, ಇದ್ದಷ್ಟ ನಿಲ್ಲಿಸಿ ಕೊಡ್ರಿ. ಅರ್ಧಕ್ಕ ಮುಗಸೂನು," ಎಂದೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಇದರಾಗ ಹೇಳೋದು ಕೇಳೋದು ಇಲ್ಲಪ್ಪ. ನಿಧಾನಕ್ಕ ಹೋಗ್ತದ. ಎಷ್ಟು ನಿಧಾನ ಅನ್ನೋದೂ ನಮ್ಮ ಕೈಯಾಗಿಲ್ಲ," ಎಂದು ನನ್ನ ಭುಜದ ಮೇಲೆ ಕೈ ಇಟ್ಟರು. ಎದುರಿಗೆ ಕುಳಿತವನ ಹತ್ತಿರ ಕೊಡಲು ಏನೂ ಇಲ್ಲದಿದ್ದರೆ ಯಾವ ಜಾಣತನವೂ ನಡೆಯುವುದಿಲ್ಲ. ನಾನು ಅದನ್ನು ಮೊದಲ ಸಲ ಕಲಿತದ್ದು ಆ ಕೋಣೆಯಲ್ಲಿ.

ಹಿಂದಿರುಗುವ ಬಸ್ಸಿನಲ್ಲಿ ನಾನಾಗಲೇ ಮುಂದಿನ ಮಾತು ಜೋಡಿಸುತ್ತಿದ್ದೆ. ನೇರ ಮುದ್ದೇಬಿಹಾಳಕ್ಕೆ ಹೋಗಿ, ಬೀಗರ ಕಣ್ಣಿಗೆ ಕಾಣುವಂತೆ ತೋರಿಸಿ, ನನ್ನ ತಂಗಿ ಸುಳ್ಳುಗಾರಳಲ್ಲ ಎಂದು ಸಾಧಿಸಬೇಕು.

"ಯಣ್ಣಾ, ಹೇಳಬ್ಯಾಡ," ಎಂದಳು ತಂಗಿ.

"ಯಾಕ?"

"ಮೈಗಳ್ಳಿ ಅಂದ್ರ ಬೈತಾರ. ಕುರುಡಿ ಅಂದ್ರ ಕಳಸ್ತಾರ."

"ನಿನಗ ವ್ಯಾಪಾರ ತಿಳಿಯಂಗಿಲ್ಲ. ಖರೇ ಮಾಲು ಬಿಚ್ಚಿ ತೋರಿಸಿದ್ರ ಯಾವ ಗಿರಾಕಿನೂ ಹೊಳ್ಳಿ ಹೋಗಂಗಿಲ್ಲ."

"ನಾ ಮಾಲಲ್ಲ. ಬೈಸ್ಕೊಂಡು ಇರತೇನಿ, ಬಿಡು. ಅಂವ ಬೈಯಂಗಿಲ್ಲ. ಹೊಲದಿಂದ ಬರೂಮುಂದ ಅಂಗಳದಾಗಿಂದ ಕೆಮ್ಮತಾನ, ನನಗ ಅಂವ ಎಲ್ಲದಾನ ಗೊತ್ತಾಗಲಿ ಅಂತ."

ಗಂಡನ ಬಗ್ಗೆ ಆಕೆ ಹೇಳಿದ್ದು ಅಷ್ಟೇ. ಅದನ್ನು ಕೇಳಿಯೂ ನಾನು ಕೇಳಲಿಲ್ಲ.

ಬೀಗರ ಮನೆಯ ಪಡಸಾಲೆ. ಮಧ್ಯಾಹ್ನ. ಬೀಗ, ಬೀಗತಿ, ತಂಗಿಯ ಗಂಡ ಕೂತಿದ್ದರು. ತಂಗಿ ಕಂಬದ ಹಿಂದೆ ನಿಂತಿದ್ದಳು. ನಾನು ಒಂದು ಬಾಗಿಲು ಮುಚ್ಚಿ ಬೆಳಕು ಕಡಿಮೆ ಮಾಡಿದೆ. ಬಿಳಿ ಧೋತರ ಹಾಸಿ ಒಂದು ಕಡೆ ಐದು ತುಂಡು ಕೆಂಪು ದಾರ, ಇನ್ನೊಂದು ಕಡೆ ಐದು ತುಂಡು ಬಿಳಿ ದಾರ ಇಟ್ಟೆ.

"ಬೀಗರ, ಎಣಸ್ರಿ."

ಕೆಂಪು ಐದನ್ನು ಕೂತಲ್ಲಿಂದಲೇ ಎಣಿಸಿದರು. ಬಿಳಿಯದಕ್ಕೆ ಬಗ್ಗಿದರು, ಕಣ್ಣು ಉಜ್ಜಿಕೊಂಡರು. "ಮೂರು," ಎಂದರು.

"ಮತ್ತೆರಡು ಯಾರು ನುಂಗಿದ್ರು?"

ಬೀಗರು ನಕ್ಕರು. ಆಗ ನಾನು ಬಿಗಿಯಾಗಿ ಹೇಳಿದೆ: "ನಿಮಗ ಬಾಗಲಾ ಮುಚ್ಚಿದಾಗ ಹಿಂಗ ಆತಲ್ಲರಿ, ಆಕಿಗಿ ಬಾಗಲಾ ತಗದಾಗೂ ಹಿಂಗ. ಅಂಗಳದಾಗ ಬಿಸಲಾಗ ಕುಂತ್ರೂ ಹಿಂಗ. ಮಣ್ಣಿನ ನೆಲದಾಗ ಮಣ್ಣಿನ ಕೊಡಾ ಕಾಣಂಗಿಲ್ಲ, ಬಿಳಿ ಜ್ವಾಳದಾಗ ಬಿಳಿ ಹಳ್ಳು ಕಾಣಂಗಿಲ್ಲ. ಆಕಿ ಸುಳ್ಳು ಹೇಳಿಲ್ಲ."

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.  ಮೊದಲು ಎದ್ದವಳು ಬೀಗತಿ. ಕಂಬದ ಹತ್ತಿರ ಹೋಗಿ ತಂಗಿಯ ಗದ್ದ ಹಿಡಿದು, "ಅಯ್ಯ ನನ ಕೂಸ, ನಿನಗ ನಾ ಏನೇನ ಅಂದ್ನೆವ್ವಾ," ಎಂದು ಅತ್ತಳು. ನಾಟಕವಲ್ಲ, ನಿಜವಾಗಿಯೇ ಅತ್ತಳು. ನನ್ನ ಎದೆ ಹಿಗ್ಗಿತು. ಗೆದ್ದೆ ಎಂದುಕೊಂಡೆ.

ಬೀಗತಿ ಕಣ್ಣು ಒರೆಸಿಕೊಂಡು ಬಂದು ಕೂತಳು. ಧೋತರದ ಮೇಲಿನ ಕೆಂಪು ದಾರದ ತುಂಡೊಂದನ್ನು ಎತ್ತಿ ಬೆರಳಿಗೆ ಸುತ್ತತೊಡಗಿದಳು. ಸುತ್ತುತ್ತಿದ್ದ ಕೈ ನಿಂತಿತು.

"ಈ ದಾರ ನಾ ನೋಡೇನಿ," ಎಂದಳು.

ನನಗೆ ತಿಳಿಯಲಿಲ್ಲ.

"ಹೆಣ್ಣು ನೋಡಾಕ ಬಂದಾಗ ನಾ ತಂದಿದ್ದು ಬಿಳಿ ದಾರ. ಅದನ್ನ ಬಿಡಿಸಿ ಕೆಂಪು ದಾರ ಕೊಟ್ಟಾವ ಯಾರು? ಉಡಿಯಾಗ ಬಿಳಿ ಟಾವೆಲ್ ಹಾಸಿದಾವ ಯಾರು?"

"ದೇವರಾಣಿ ಮಾಡಿ ಹೇಳತೇನ್ರಿ, ಆವಾಗ ನನಗ ಗೊತ್ತಿರಲಿಲ್ಲ. ಬರೇ ಚಂದ ಕಾಣಲಿ ಅಂತ..."

"ಗೊತ್ತಿರಲಾರದವಗ ಎದರ ಮ್ಯಾಲ ಏನಿಟ್ರ ಕಾಣತೈತಿ, ಏನಿಟ್ರ ಕಾಣಂಗಿಲ್ಲ ಅಂತ ಇಷ್ಟು ಚೊಲೋ ಗೊತ್ತಿರತೈತೇನಪಾ?"

  ಹುಟ್ಟಿದಾಗಿನಿಂದ ನನಗೆ ಮಾತು ಬಾರದೆ ಹೋದದ್ದು ಅಂದೇ. ಈಗಷ್ಟೇ ಅವರೆದುರು ಹಾಸಿ, ಎಣಿಸಿ, ವಾದಿಸಿ ತೋರಿಸಿದ ನನ್ನ ಜಾಣತನವೇ ನನ್ನ ವಿರುದ್ಧದ ಸಾಕ್ಷಿಯಾಗಿತ್ತು. ಗೊತ್ತಿರಲಿಲ್ಲ ಎಂಬ ಸತ್ಯ ಎಷ್ಟು ಬೆಳ್ಳಗಿತ್ತೆಂದರೆ ಆ ಬಿಳಿ ಧೋತರದ ಮೇಲೆ ಯಾರಿಗೂ ಕಾಣುವಂತಿರಲಿಲ್ಲ.

ಬೀಗರು ನಿಧಾನದ ಮನುಷ್ಯ. "ಕಣ್ಣು ಹೋಗೂದು ಕೂಸಿನ ತಪ್ಪಲ್ಲ," ಎಂದರು. "ಮುಚ್ಚಿ ಕೊಟ್ಟದ್ದು ನಿಮ್ಮ ತಪ್ಪು. ಮೈಗಳ್ಳಿ ಆಗಿದ್ರ ತಿದ್ದತಿದ್ದಿವಿ. ಇದನ್ನ ಏನಂತ ತಿದ್ದೂದು?"

ತಂಗಿಯ ಗಂಡನ ಕಡೆ ನೋಡಿದೆ. ಅವನು ಎದ್ದು, ಕಟ್ಟಿಯೇ ಇದ್ದ ಎತ್ತನ್ನು ಕಟ್ಟಲು ಹೊರಗೆ ಹೋದ.

ಹಿರಿಯರನ್ನು ಕೂಡಿಸಿದರು, ತಂಗಿಯನ್ನು ತವರಿಗೆ ಕಳಿಸುವುದೆಂದು ಮಾತು ಮುಗಿಯಿತು. ಬಸ್ ನಿಲ್ದಾಣದವರೆಗೆ ಟ್ರಂಕು ಹೊತ್ತು ತಂದವನು ಆಕೆಯ ಗಂಡನೇ. ಟ್ರಂಕನ್ನು ಬಸ್ಸಿನ ಮೇಲೆ ಹಾಕಿ, ಇಳಿದು ಬಂದು, ಕಿಟಕಿಯ ಕೆಳಗೆ ನಿಂತು ಒಂದು ಸಲ ಕೆಮ್ಮಿದ. ತಂಗಿ ಆ ಕಡೆಗೆ ಮುಖ ತಿರುಗಿಸಿದಳು. ಬಸ್ಸು ಹೊರಟಿತು. ದಾರಿಯುದ್ದಕ್ಕೂ ಆಕೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ. ಇಂಥವರು ನಿಮ್ಮ ಮನೆಯಲ್ಲಿದ್ದರೆ ಉಪಯೋಗವಾದೀತು. ಮೆಟ್ಟಿಲುಗಳ ಅಂಚಿಗೆ ನಾಲ್ಕು ಬೆರಳಗಲ ಸುಣ್ಣದ ಪಟ್ಟಿ ಎಳೆಸಿದೆ. ಹೊಸ್ತಿಲಿಗೆ ಹಳದಿ ಬಣ್ಣ ಹಚ್ಚಿದೆ. ಅನ್ನ ಉಣ್ಣಲು ತಾಮ್ರದ ತಾಟು, ಸಾರಿಗೆ ಬಿಳಿ ಬಟ್ಟಲು. ನೀರಿನ ಕೊಡದ ಕೊರಳಿಗೆ ಕೆಂಪು ಅರಿವೆ. ಸಾಮಾನು ಇಟ್ಟ ಜಾಗ ಬದಲಿಸಬೇಡಿ. ಇಷ್ಟೆಲ್ಲ ಮಾಡಿದರೂ ಜೋಳಕ್ಕೆ ಮಾತ್ರ ನನ್ನಲ್ಲಿ ಉಪಾಯ ಇರಲಿಲ್ಲ. ಕಂಬಳಿಯ ಮೇಲೆ ಸುರಿದೆ. ಜೋಳವೂ ಬೆಳ್ಳಗೆ ಎದ್ದಿತು, ಹರಳೂ ಬೆಳ್ಳಗೆ ಎದ್ದಿತು. ಅರಿಶಿನದ ನೀರು ಚಿಮುಕಿಸಿದೆ, ಎರಡೂ ಹಳದಿಯಾದವು. ನಾನು ಸುತ್ತ ಸುತ್ತ ತಿರುಗುವುದನ್ನು ಕಂಡು ತಂಗಿಯೇ, "ಬಿಡು ಯಣ್ಣಾ, ತಣ್ಣಗಿರತೈತಿ," ಎಂದಳು. ಏನು ತಣ್ಣಗೆ ಎಂದರೆ, ಹಳ್ಳು. ಜೋಳಕ್ಕಿಂತ ಹಳ್ಳು ಬೆರಳಿಗೆ ತಣ್ಣಗೆ ಹತ್ತುತ್ತದಂತೆ. ಆರು ತಿಂಗಳಲ್ಲಿ ಆಕೆ ಹಸನು ಮಾಡಿದ ಜೋಳದಲ್ಲಿ ಒಂದು ಹರಳೂ ಸಿಗದಂತಾಯಿತು. ಆ ಆರು ತಿಂಗಳನ್ನು ಮುದ್ದೇಬಿಹಾಳದಲ್ಲಿ ಬೈಸಿಕೊಂಡು ಕಳೆದಿದ್ದರೆ? ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿಲ್ಲ.

ಈಚೆಗೆ ಇಂಡಿಯ ಕಡೆ ಒಂದು ಗಿರಣಿಯಲ್ಲಿ ಕಾಳು ಹಸನು ಮಾಡುವ ಯಂತ್ರ ನೋಡಿದೆ. ಕಾಳು ಮಳೆಯಂತೆ ಇಳಿಯುತ್ತದೆ, ಯಂತ್ರದ ಕಣ್ಣು ನೋಡುತ್ತದೆ, ಗಾಳಿ ಊದಿ ಹರಳನ್ನು ಆಚೆ ಹಾರಿಸುತ್ತದೆ. ನಡೆಸುವವನನ್ನು ಕೇಳಿದೆ, ಇದಕ್ಕೆ ಹೇಗೆ ಕಾಣುತ್ತದೆ ಎಂದು. "ಹಿಂದೊಂದು ಹಲಗಿ ಐತ್ರಿ. ಅದನ್ನ ಕಾಳಿನ ಬಣ್ಣಕ್ಕ ಹೊಂದಸ್ತೇವಿ. ಆವಾಗ ಕಾಳು ಕಾಣಂಗಿಲ್ಲ, ಹಳ್ಳಷ್ಟ ಕಾಣತೈತಿ," ಎಂದ. ಲಿಂಬೆಹಣ್ಣಿನ ಮುದುಕಿಯ ವಿದ್ಯೆಯೇ, ತಿರುವು ಮುರುವು. ಬಿಳಿ ಜೋಳದಲ್ಲಿ ಬಿಳಿ ಹರಳು ಬಂದರೆ? "ಅದಕ್ಕ ತ್ರಾಸ ಆಗತೈತ್ರಿ. ಬ್ಯಾರೆ ದೀಪಾ ಹಾಕಬೇಕು." ಯಂತ್ರಕ್ಕೆ ಕಾಣದಿದ್ದರೆ ದೀಪ ಬದಲಿಸುತ್ತಾರೆ. 

ತಂಗಿ ಬಂದ ಮರುವರ್ಷದ ಮಾತು. ಮುದ್ದೇಬಿಹಾಳದ ಸಂತೆಯಲ್ಲಿ ಬೀಗತಿ ನನ್ನ ಮುಂದೆ ಬಂದು ಕೂತಳು. ಜೊತೆಗೆ ಇಬ್ಬರು ಹೆಂಗಸರು. ಮಾತಾಡಿಸಬೇಕೋ ಬೇಡವೋ ಎಂದು ನಾನು ತಡಬಡಿಸುವಷ್ಟರಲ್ಲಿ ಆಕೆಯೇ, "ಲಗ್ನದ ಸೀರಿ ತೋರಸಪಾ," ಎಂದಳು. ಯಾರ ಲಗ್ನ ಎಂದು ನಾನು ಕೇಳಲಿಲ್ಲ. ಹೊಸ ಸೊಸೆಗೆ ಎಂದು ಜೊತೆಗಿದ್ದವರೇ ಅಂದರು. ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ನನ್ನ ಮಾಲು ಚೆನ್ನಾಗಿರುತ್ತಿತ್ತು, ಅದು ಆಕೆಗೆ ಗೊತ್ತಿತ್ತು. ಮುಖ ತಪ್ಪಿಸಿಕೊಳ್ಳುವ ಹೆಂಗಸೂ ಅಲ್ಲ.

ಅಂಚಿಗೆ ಅಗಲ ದಡಿ ಇದ್ದ ಹಸಿರು ಸೀರೆ ತೆಗೆದು, ರೂಢಿಯಂತೆ ಕಂಬಳಿಯ ಮೇಲೆ ಹಾಸಿ, ಅದರ ಕೆಂಪು ಸೆರಗು ಬಿಚ್ಚಿದೆ.

"ಕಂಬಳಿ ಮ್ಯಾಲ ಬ್ಯಾಡ," ಎಂದಳು. "ಬಿಸಲಿಗಿ ತಾ."

ಎದ್ದು ಹೋಗಿ ಬಿಸಿಲಿನಲ್ಲಿ ನಿಂತು ಸೀರೆಯನ್ನು ಎರಡೂ ಕೈಗಳಲ್ಲಿ ಹಿಡಿದೆ. ಆಕೆ ಬಹಳ ಹೊತ್ತು ನೋಡಿದಳು.  ಕೊನೆಗೆ ಅದನ್ನೇ ಒಯ್ದಳು. ಚೌಕಾಶಿ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಮನೆಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಆ ಹೊತ್ತಿಗೆ ತಂಗಿಗೆ ಏನೂ ಕಾಣುತ್ತಿರಲಿಲ್ಲ, ಆದರೂ ದಿನದ ರೂಢಿಯಂತೆ ಗಂಟು ಬಿಚ್ಚಲು ಕೂತಳು.

"ಮುದ್ದೇಬಿಹಾಳದಾಗ ಯಾವ ಬಣ್ಣದ್ದು ಹೋತು ಯಣ್ಣಾ?"

"ಇವತ್ತ ಒಂದೂ ಹೋಗಲಿಲ್ಲ."

ಮಡಿಕೆಗಳ ಅಂಚಿನ ಮೇಲೆ ಬೆರಳು ಎಳೆಯುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. "ಅಗಲ ದಡಿದು ಲಗ್ನದ ಹಸರು ಇಲ್ಲಲ್ಲ. ಮುಂಜಾನಿ ನಾನ ಮಡಚಿಟ್ಟಿದ್ದೆ."

 ಆಕೆ ಉಳಿದ ಸೀರೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದಳು, ಗಂಟಿನ ನಾಲ್ಕು ತುದಿ ಹುಡುಕಿ ಬಿಗಿದಳು.

"ಅತ್ತಿ ಆರಾಮ ಅದಾಳೇನು?" ಎಂದು ಕೇಳಿದಳು.

"ಅದಾಳ," ಎಂದೆ.